ಮೆಟ್ಟಿಲಿಲ್ಲದ ಖಾನಾವಳಿ

ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನ ಪಕ್ಕ ಇನ್ನೊಂದು ಕಟ್ಟಡ ಏಳುತ್ತಿದೆ. ಯಾದಗಿರಿ ಕಡೆಯ ಕೆಲಸದವರು ಅಲ್ಲೇ ಇಟ್ಟಿಗೆಯ ಒಲೆ ಹೂಡಿಕೊಂಡಿದ್ದಾರೆ. ಮೊನ್ನೆ ಬೆಳಿಗ್ಗೆ ಹಾಲು ತರಲು ಹೋದಾಗ ಅಲ್ಲಿಂದ ಜೋಳದ ರೊಟ್ಟಿ ಸುಡುವ ವಾಸನೆ ಬಂತು. ಕಾಲು ತಾನಾಗಿ ನಿಂತಿತು. ಸುಲ್ತಾನ್ ಬಜಾರಿನ ಆ ಹಳೆಯ ಕಟ್ಟಡ, ಅದರ ಮಹಡಿಯ ಖಾನಾವಳಿ, ಅದನ್ನು ನಡೆಸುತ್ತಿದ್ದ, ನಾವೆಲ್ಲ ಅಕ್ಕ ಎನ್ನುತ್ತಿದ್ದ ಆಕೆ...

ನಿಜಾಮರ ಕಾಲದಲ್ಲಿ ಬಟ್ಟೆ ವ್ಯಾಪಾರಿಯೊಬ್ಬರು ಕಟ್ಟಿಸಿದ ಕಟ್ಟಡವಂತೆ ಅದು. ಕೆಳಗೆ ಕಮಾನುಗಳ ಅಂಗಡಿಗಳು. ಮೇಲೆ, ರಾಯಚೂರು, ಕಲಬುರಗಿಯಿಂದ ಮಾಲು ಕೊಳ್ಳಲು ಬಂದವರು ತಂಗುವ ಕೋಣೆಗಳು. ಆ ಜಿಲ್ಲೆಗಳು ಕರ್ನಾಟಕಕ್ಕೆ ಸೇರಿದ ಮೇಲೂ ಜನ ಬರುವುದು ನಿಲ್ಲಲಿಲ್ಲ. ಅವರಿಗಾಗಿಯೇ ಅಕ್ಕನ ಅತ್ತೆ ಖಾನಾವಳಿ ತೆರೆದಿದ್ದರು. ಅತ್ತೆಯೂ ಗಂಡನೂ ತೀರಿಕೊಂಡ ಮೇಲೆ ಅಕ್ಕ ಒಬ್ಬರೇ ನಡೆಸಿದರು. ಮಕ್ಕಳಿರಲಿಲ್ಲ. ಒಳಗಿನ ಕೋಣೆಯೇ ಮನೆ. ಕೆಳಗಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಸುತ್ತಿದ್ದ ನನಗೆ ಮಧ್ಯಾಹ್ನದ ಊಟ ಅವರಲ್ಲೇ. ಸಾಕು ಎಂದರೆ ಮುಖ ನೋಡುತ್ತಿದ್ದರು, ಅಷ್ಟರಲ್ಲಿ ತಟ್ಟೆಗೆ ಇನ್ನೊಂದು ರೊಟ್ಟಿ ಬಿದ್ದಿರುತ್ತಿತ್ತು.

ಒಂದು ವರ್ಷ, ಆ ವ್ಯಾಪಾರಿಯ ಮೊಮ್ಮಕ್ಕಳು ಕಟ್ಟಡವನ್ನು ಬಿಲ್ಡರನೊಬ್ಬನಿಗೆ ಮಾರಿದರು. ಬಾಡಿಗೆಯವರೆಲ್ಲ ಒಬ್ಬೊಬ್ಬರಾಗಿ ಖಾಲಿ ಮಾಡಿದರು. ನಮ್ಮ ಇನ್‌ಸ್ಟಿಟ್ಯೂಟೂ ಎದುರಿನ ಗಲ್ಲಿಗೆ ಹೋಯಿತು. ಅಕ್ಕ ಮಾತ್ರ ಕೋರ್ಟಿಗೆ ಹೋದರು. ಇಷ್ಟು ಹಟ ಯಾಕೆ ಎಂದು ಕೇಳಿದ್ದೆ.

"ಬಂದು ಕುಂತು ಕೇಳಿದ್ರ ವಿಚಾರ ಮಾಡ್ತಿದ್ನಿರಿ," ಅಂದರು. "ಅಂವ ಹೆದರ್ಸಾಕ ಬಂದಾನ. ಹೆದರಿ ಎದ್ದು ಹೋದ್ರ, ಇಷ್ಟು ವರ್ಷ ಇಲ್ಲಿ ಬಾಳೇವು ಮಾಡಿದ್ದಕ್ಕ ಏನ್ ಅರ್ಥ?"

ಮೊದಲು ನೀರು ನಿಂತಿತು, ಆಮೇಲೆ ಕರೆಂಟು. ಅಕ್ಕ ನೀರು ಹೊರಿಸಿದರು, ಲಾಟೀನು ಹಚ್ಚಿದರು. ಒಂದು ಭಾನುವಾರ, ಬಜಾರು ಮುಚ್ಚಿದ್ದಾಗ, ರಿಪೇರಿ ಎಂದು ಹೇಳಿ ಬಿಲ್ಡರನ ಆಳುಗಳು ಮರದ ಮೆಟ್ಟಿಲನ್ನೇ ಕಿತ್ತೊಯ್ದರು. ಸೋಮವಾರ ನಾನು ಹೋದಾಗ ಗೋಡೆಯ ಮೇಲೆ ಮೆಟ್ಟಿಲಿನ ಗುರುತಷ್ಟೇ ಇತ್ತು. ಅಕ್ಕ ಬಾಲ್ಕನಿಯಲ್ಲಿ ನಿಂತಿದ್ದರು.

"ಮೆಟ್ಟಲ ಒಯ್ದಾರ್ರಿ ಟೀಚರ್ರ. ಒಲಿ ಇಲ್ಲೇ ಐತಿ."

ಏಣಿ ತರಿಸುತ್ತೇನೆ, ಇಳಿದು ಬನ್ನಿ ಎಂದೆ.

"ಇಳಿದ್ರ ತಿರುಗಿ ಹತ್ತಾಕ ಬಿಡಂಗಿಲ್ಲ ಅವ್ರು. ಏಣಿ ಬ್ಯಾಡ. ಹಗ್ಗ ಇದ್ರ ಕೊಡ್ರಿ."

ಹಗ್ಗ ಮೇಲೆ ಹೋಯಿತು. ಅಕ್ಕ ಅದನ್ನು ಬಾಲ್ಕನಿಯ ಕಂಬಿಯ ಮೇಲೆ ಹಾಯಿಸಿ ಒಂದು ತುದಿಗೆ ಬುಟ್ಟಿ ಕಟ್ಟಿದರು, ಇನ್ನೊಂದು ತುದಿ ಕೆಳಗೆ ನಮ್ಮ ಕೈಯಲ್ಲಿ. ಅಂದಿನಿಂದ ಹಿಟ್ಟು, ನೀರು, ಸೊಪ್ಪು ಬುಟ್ಟಿಯಲ್ಲಿ ಏರುತ್ತಿದ್ದವು. ರೊಟ್ಟಿ, ಪಲ್ಲೆ, ಶೇಂಗಾ ಚಟ್ನಿ ಇಳಿಯುತ್ತಿದ್ದವು. ನಾವೆಲ್ಲ ಮುಚ್ಚಿದ ಅಂಗಡಿಗಳ ಕಟ್ಟೆಯ ಮೇಲೆ ಕೂತು ಉಣ್ಣುತ್ತಿದ್ದೆವು. ಸುದ್ದಿ ಹಬ್ಬಿ ಹೊಸ ಗಿರಾಕಿಗಳೂ ಬಂದರು. ನನ್ನ ಅಂಗೈಯಲ್ಲಿ ಹಗ್ಗದ ಗೆರೆ ಮೂಡಿತ್ತು. ಅದನ್ನು ಮನೆಯಲ್ಲಿ ಜಂಬದಿಂದ ತೋರಿಸುತ್ತಿದ್ದೆ.

ಒಂದು ಮಧ್ಯಾಹ್ನ ಬಿಲ್ಡರನೇ ಕಾರಿನಲ್ಲಿ ಬಂದ. ಎಷ್ಟು ದಿನ ಮೇಲೆ ಕೂತಿರುತ್ತೀರಿ ಎಂದು ಕತ್ತೆತ್ತಿ ಹಿಂದಿಯಲ್ಲಿ ಕೂಗಿದ: "ಅಮ್ಮಾ, ಕಬ್ ತಕ್ ಊಪರ್ ಬೈಠೇಂಗೆ?"

ಅಕ್ಕ ಹಿಂದಿ ಬಲ್ಲವರೇ. ಆದರೂ ಕನ್ನಡದಲ್ಲೇ, ಇಡೀ ಬೀದಿಗೆ ಕೇಳುವಂತೆ ಹೇಳಿದರು: "ಊಟದ ಹೊತ್ತಿಗೆ ಬಂದೀರಿ. ಮೊದಲ ಉಣ್ರಿ, ಆಮ್ಯಾಲ ಜಗಳಾಡೂಣು."

ಬುಟ್ಟಿ ಅವನ ಮುಂದೆಯೇ ಇಳಿಯಿತು. ಅವನು ಮುಖ ತಿರುಗಿಸಿ ಕಾರಿನಲ್ಲಿ ಕೂತ. ಡ್ರೈವರ್ ಮಾತ್ರ ಇಳಿದು ರೊಟ್ಟಿ ತೆಗೆದುಕೊಂಡು, ನಿಧಾನವಾಗಿ ತಿಂದು, ಕೈತೊಳೆದುಕೊಂಡು ಹೋಗಿ ಗಾಡಿ ಚಾಲೂ ಮಾಡಿದ. ಅಲ್ಲಿಯವರೆಗೆ ಧಣಿ ಒಳಗೆ ಕಾಯುತ್ತ ಕೂತಿದ್ದ. ಕಟ್ಟೆಯ ಮೇಲಿದ್ದ ನಾವ್ಯಾರೂ ನಗು ತಡೆಯಲಿಲ್ಲ.

ಕೊನೆಗೆ ಕೋರ್ಟು ಮೆಟ್ಟಿಲು ಹಾಕಿಕೊಡಲು ಹೇಳಿತು. ಕಬ್ಬಿಣದ ಮೆಟ್ಟಿಲು ಬಂತು. ಅಕ್ಕ ಇಳಕಲ್ ಸೀರೆ ಉಟ್ಟು ಇಳಿದರು. ಕಟ್ಟಡವನ್ನು ಒಂದು ಸುತ್ತು ಹಾಕಿ, ಕಮಾನುಗಳನ್ನೆಲ್ಲ ಕೈಯಿಂದ ಮುಟ್ಟಿ, ಮತ್ತೆ ಹತ್ತಿ ಹೋಗಿ ಒಲೆ ಹಚ್ಚಿದರು.

ಅವರು ಬದುಕಿರುವವರೆಗೆ ಅಲ್ಲಿಂದ ಯಾರಿಗೂ ಅವರನ್ನು ಎಬ್ಬಿಸಲಾಗಲಿಲ್ಲ. ಒಂದು ಬೇಸಿಗೆಯಲ್ಲಿ ಜ್ವರ ಬಂದು ಅದೇ ಕೋಣೆಯಲ್ಲಿ ತೀರಿಕೊಂಡರು. ಆಮೇಲೆ ಜೆಸಿಬಿ ಬಂತು. ನಾನು ನೋಡಲು ಹೋಗಲಿಲ್ಲ...

ಈಗ ಅಲ್ಲಿ ಗಾಜಿನ ಗೋಡೆಯ ಸೀರೆ ಶೋರೂಮು. ಮೊನ್ನೆ ಆ ವಾಸನೆ ಬಂದ ದಿನ ಮೆಟ್ರೋ ಹತ್ತಿ ಹೋದೆ. ಲಿಫ್ಟಿನ ಪಕ್ಕದ ಗೋಡೆಗೆ ಹಳೆಯ ಕಟ್ಟಡದ ದೊಡ್ಡ ಫೋಟೋ ಹಾಕಿದ್ದಾರೆ. ಕಟ್ಟಿಸಿದವರ ಹೆಸರಿದೆ, ಕೊಂಡವರ ಹೆಸರಿದೆ. ಕೆಲಸದ ಹುಡುಗಿ ಲಿಫ್ಟಿನ ಬಾಗಿಲು ಹಿಡಿದು ಏನು ಬೇಕೆಂದು ತೆಲುಗಿನಲ್ಲಿ ಕೇಳಿದಳು: "ಏಂ ಕಾವಾಲಿ ಮೇಡಂ?"

ನನಗೆ ಸೀರೆ ಬೇಕಿರಲಿಲ್ಲ. ಫೋಟೋದ ಬಾಲ್ಕನಿಯ ಮೇಲೆ ಬೆರಳಿಟ್ಟು, ಇಲ್ಲಿ ಒಬ್ಬ ಹೆಂಗಸು ಇದ್ದಳು ಎಂದು ನನ್ನ ಹರಕು ತೆಲುಗಿನಲ್ಲಿ ಶುರುಮಾಡಿದೆ. ಲಿಫ್ಟಿನೊಳಗಿದ್ದವರು ಗೊಣಗಿದರು. ನಾನು ಹೇಳಿ ಮುಗಿಸುವವರೆಗೂ ಆ ಹುಡುಗಿ ಬಾಗಿಲು ಬಿಡಲಿಲ್ಲ.