ತಂಪು ಕೋಣೆಯ ಬಾಟಲಿಗಳು

ಅಮೆರಿಕದ ಹೇವರ್ಡ್‌ನಲ್ಲಿ ನಾನು ಕೆಲಸಕ್ಕಿದ್ದ ಗೋದಾಮಿನಲ್ಲಿ ಸಾಹುಕಾರರ ಹಳೆಯ ಫ್ರೆಂಚ್ ವೈನಿಗೆಂದೇ ಒಂದು ತಂಪು ಕೋಣೆಯಿತ್ತು. ಹೊರಗೆ ಪ್ಯಾಕಿಂಗ್ ಮಾಡುವ ನಮಗೆ ಫ್ಯಾನೂ ಇರಲಿಲ್ಲ. ಒಂದು ಬಿರುಬಿಸಿಲಿನ ಮಧ್ಯಾಹ್ನ, ಅರವತ್ತು ದಾಟಿದ ಮೈಸೂರಿನ ರಹಮತ್ ಭಾಯಿ ಕುಸಿದು ಬಿದ್ದರು. ಅವರನ್ನು ಆ ಕೋಣೆಯತ್ತ ಎತ್ತಿಕೊಂಡು ಹೋದರೆ ಮ್ಯಾನೇಜರು ಬಾಗಿಲಿಗೆ ಅಡ್ಡ ನಿಂತ. ಅವನೂ ನಮ್ಮವನೇ, ಹುಬ್ಬಳ್ಳಿಯವನು.

"ಬಾಗಲಾ ತಗದ್ರ ವೈನ್ ಕೆಡತೈತಿ. ಆ ದ್ರಾಕ್ಷಿ ತೋಟದ ಮಂದಿ ತಲಿಮಾರಿನಿಂದ ಕೂಸಿನಂಗ ಜ್ವಾಪಾನ ಮಾಡ್ಯಾರ."

"ಭಾಯಿನೂ ಯಾರೋ ಕೂಸಿನ ಥರಾನೇ ಸಾಕಿದ್ರು. ದಾರಿ ಬಿಡಿ."

ಅವನನ್ನು ತಳ್ಳಿ ಭಾಯಿಯನ್ನು ಒಳಗೆ ಮಲಗಿಸಿದೆ. ಕಣ್ಣು ಬಿಟ್ಟ ಭಾಯಿ ಸುತ್ತಲಿನ ಬಾಟಲಿಗಳನ್ನು ನೋಡಿ, "ಶರಾಬಿನ ಮಧ್ಯೆ ಮಲಗಿಸಿದೀಯಲ್ಲೋ, ಮನೇಲಿ ಹೇಳಬೇಡ" ಎಂದರು.

ಮರುದಿನ ನನ್ನನ್ನೂ ಭಾಯಿಯನ್ನೂ ಕೆಲಸದಿಂದ ತೆಗೆದರು. ಬಾಟಲಿಗಳು ಅಲ್ಲೇ ತಣ್ಣಗೆ ಮಲಗಿರಬೇಕು. ವಯಸ್ಸಾದಷ್ಟೂ ಅವಕ್ಕೆ ಬೆಲೆ ಜಾಸ್ತಿಯಂತೆ.