ಹಿಂದಿನಿಂದ ಬರುವ ಬಸ್ಸು

ಕಳೆದ ಶನಿವಾರ, ಸ್ವೀಡನ್ನಿನಲ್ಲಿ ನಾವಿರುವ ಊರಿನ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ನನ್ನ ಆರು ವರ್ಷದ ಮಗಳು ಬೂದು ಬಣ್ಣದ ಟೆಲಿಫೋನೊಂದನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತುಬಿಟ್ಟಿದ್ದಳು. ಬೆರಳು ತೂರಿಸಿ ಚಕ್ರ ತಿರುಗಿಸುವ ಹಳೇ ಕಾಲದ ಫೋನು. ಇದರ ಪರದೆ ಎಲ್ಲಿ ಎಂದು ಸ್ವೀಡಿಷ್‌ನಲ್ಲಿ ಕೇಳಿದಳು. ನಾನು ಉತ್ತರ ಕೊಡುವಷ್ಟರಲ್ಲಿ ಒಂಬತ್ತನ್ನು ತಿರುಗಿಸಿ ಕೈ ಬಿಟ್ಟಳು. ಚಕ್ರ ಕಿರ್ರೆಂದು ತನ್ನ ಜಾಗಕ್ಕೆ ವಾಪಸು ಬಂತು. ಆ ಸದ್ದು ಕೇಳಿದ್ದೇ ತಡ, ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಅದೇ ಬೇಕೆಂದು ರಚ್ಚೆ ಹಿಡಿದವಳನ್ನು ಎಳೆದುಕೊಂಡು ಹೊರಬಂದು ಟ್ರಾಮ್ ಹತ್ತಿದೆ. ದಾರಿಯುದ್ದಕ್ಕೂ ನಮ್ಮ ಕಟ್ಟಡದ ಮೂರನೇ ಮಹಡಿಯ ಉಮ್ಮ ಕಣ್ಣ ಮುಂದಿದ್ದರು...

ಉಮ್ಮ ಅಂದರೆ ಅವರ ಕಡೆ ತಾಯಿ. ಅವರು ಮಂಗಳೂರಿನ ಬ್ಯಾರಿ ಮುಸ್ಲಿಮರು, ನಾನು ದಾವಣಗೆರೆಯವಳು. ಅವರ ಬ್ಯಾರಿ ಭಾಷೆ ನನಗೆ ಬಾರದು, ನನ್ನ ಉರ್ದು ಅವರಿಗೆ ಅಷ್ಟಕ್ಕಷ್ಟೆ. ಹಾಗಾಗಿ ನಮ್ಮಿಬ್ಬರಿಗೂ ಆಗಿಬಂದದ್ದು ಕನ್ನಡ. ಮೊದಲು ಸಿಕ್ಕಿದ್ದು ಕಟ್ಟಡದ ಕೆಳಗಿನ ಬಟ್ಟೆ ಒಗೆಯುವ ಕೋಣೆಯಲ್ಲಿ. ಅಲ್ಲಿ ಮೊದಲೇ ಸಮಯ ಹಿಡಿದಿಡಬೇಕು. ನಾನು ಹಿಡಿದಿದ್ದ ಸಮಯದಲ್ಲಿ ಇನ್ಯಾರದೋ ಬಟ್ಟೆ ಮಿಷನ್ನಿನಲ್ಲಿ ತಿರುಗುತ್ತಿತ್ತು. ನನಗೋ ಮೂಗಿನ ತುದಿಯಲ್ಲೇ ಕೋಪ. ಯಾರಿಗೂ ತಿಳಿಯುವುದಿಲ್ಲವಲ್ಲ ಎಂಬ ಧೈರ್ಯದಲ್ಲಿ ಕನ್ನಡದಲ್ಲಿ ಬಾಯಿಗೆ ಬಂದಂತೆ ಬೈದೆ. ಹಿಂದಿನಿಂದ ಒಂದು ಮುದಿ ದನಿ ಕೇಳಿತು. "ಸಾಕು ಮಾರಾಯ್ತಿ, ಆ ಕತ್ತೆ ನಾನೇ. ಇನ್ನು ಐದು ನಿಮಿಷ ಉಂಟು."

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವರು ನಕ್ಕು, ಮೇಲೆ ಬಾ ಚಾ ಕುಡಿಯುವ ಎಂದರು. ಆವತ್ತು ಹೋದವಳು ಆಮೇಲೆ ನಾಲ್ಕು ವರ್ಷ ಹೋಗುತ್ತಲೇ ಇದ್ದೆ. ಕಾರು ಕಂಪನಿಯ ಪರೀಕ್ಷಾ ವಿಭಾಗದಲ್ಲಿ ಇಡೀ ದಿನ ಇಂಗ್ಲಿಷ್, ಮಗಳ ದಾಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಸ್ವೀಡಿಷ್. ಸಂಜೆ ಅವರ ಅಡುಗೆಮನೆಯಲ್ಲಿ ನನ್ನ ನಾಲಿಗೆಗೆ ಬಿಡುವು. ನನ್ನ "ಐತಿ", "ಹೋಗ್ತೀನಿ" ಕೇಳಿದರೆ ಅವರಿಗೆ ನಗು. ಕನ್ನಡ ಹಾಗಲ್ಲ ಮಾತಾಡುವುದು ಎಂದು ತಿದ್ದುತ್ತಿದ್ದರು. ಹುಡುಗಿಯಾಗಿ ಮಂಗಳೂರು ಬಿಟ್ಟಮೇಲೆ ಒಮ್ಮೆಯೂ ವಾಪಸು ಹೋಗಿರಲಿಲ್ಲ, ಆದರೂ ಆ ಗತ್ತು!

ಹೋಗದೇ ಇದ್ದುದಕ್ಕೆ ಕಾರಣ ಅಂಥದ್ದೇ ಒಂದು ಬೂದು ಫೋನು. ನಡುಮನೆಯ ಗೋಡೆಗೆ ಒತ್ತಿ ಇಟ್ಟ ಸಣ್ಣ ಮೇಜಿನ ಮೇಲೆ ಅದಿತ್ತು. ಮೊಬೈಲು ಬಂದರೂ ಅದನ್ನು ತೆಗೆಸಿರಲಿಲ್ಲ, ನಂಬರು ಬದಲಿಸಿರಲಿಲ್ಲ. ಒಂದು ರಾತ್ರಿಯೂ ಅವರು ಆ ಮನೆ ಬಿಟ್ಟು ಬೇರೆಡೆ ಮಲಗಿದವರಲ್ಲ. ತಾಯಿ ತೀರಿಕೊಂಡಾಗಲೂ ಊರಿಗೆ ಹೋಗಲಿಲ್ಲ. ಕಾಣೆಯಾದ ಗಂಡನನ್ನು ಹುಡುಕುವ ಪರಿಹಾರ ಸಂಸ್ಥೆಯವರಿಗೂ, ಲೋಕದಲ್ಲಿ ಚದುರಿಹೋದ ನೆಂಟರಿಗೂ ಅವರು ಕೊಟ್ಟದ್ದು ಆ ನಂಬರನ್ನೇ. ಗಂಡನಿಂದ ಫೋನು ಬಂದರೆ ಅದಕ್ಕೇ ಬರಬೇಕಿತ್ತು.

ಆ ಕಥೆಯನ್ನು ಅವರು ಒಂದೇ ಸಲಕ್ಕೆ ಹೇಳಲಿಲ್ಲ. ಮೀನು ಹುರಿಯುತ್ತಾ ಸ್ವಲ್ಪ, ಬಟ್ಟೆ ಮಡಚುತ್ತಾ ಸ್ವಲ್ಪ... ಗಂಡನ ಮನೆಯವರದು ಕಂಪಾಲದಲ್ಲಿ ಹೆಂಚಿನ ವ್ಯಾಪಾರ. ಇಂಗ್ಲಿಷರ ಕಾಲದಲ್ಲಿ ಮಂಗಳೂರು ಹೆಂಚು ಹಡಗಿನಲ್ಲಿ ಆಫ್ರಿಕಕ್ಕೆ ಹೋಗುತ್ತಿತ್ತಂತೆ, ಹೆಂಚಿನ ಹಿಂದೆಯೇ ಅವರ ಮಾವನೂ ಹೋಗಿದ್ದರು. ಉಮ್ಮ ಮದುವೆಯಾಗಿ ಅಲ್ಲಿಗೆ ಹೋಗುವ ಹೊತ್ತಿಗೆ ಇಂಗ್ಲಿಷರು ಬಾವುಟ ಇಳಿಸಿ ಹೊರಟು ಕೆಲವು ವರ್ಷವಾಗಿತ್ತು. ಹೋಗುವ ಮುಂಚೆ ನಮ್ಮವರಿಗೆ, ನೀವು ಯಾವ ದೇಶದವರೆಂದು ಆರಿಸಿಕೊಳ್ಳಿ ಎಂದಿದ್ದರು. ಬುದ್ಧಿವಂತರೆಲ್ಲ ಇಂಗ್ಲಿಷರ ಪಾಸ್‌ಪೋರ್ಟನ್ನೇ ಭದ್ರವಾಗಿಟ್ಟುಕೊಂಡರು. ಉಮ್ಮನ ಗಂಡ ಮಾತ್ರ, ನಾನು ಹುಟ್ಟಿದ ಊರು ಇದು, ಈಗ ಇದು ನಮ್ಮದೇ ರಾಜ್ಯ ಎಂದು ಉಗಾಂಡದ ಪ್ರಜೆಯಾದರು. ಹೆಂಡತಿಯ ಭಾರತದ ಪಾಸ್‌ಪೋರ್ಟನ್ನೂ ಬಿಡಿಸಿದರು. ಆ ಮನುಷ್ಯನ ನಂಬಿಕೆ ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಆದರೆ ಉಮ್ಮ ಆ ದೇಶದವರನ್ನು ಬೈದದ್ದು ನಾನು ಕೇಳಲಿಲ್ಲ. ಒಂದು ಸಲ ನಾನೇ ತಡೆಯಲಾರದೆ ನಾಲ್ಕು ಮಾತು ಅಂದೆ. ಅವರು ಈಳಿಗೆಯಿಂದ ತಲೆಯೆತ್ತದೆ ಹೇಳಿದರು: "ನಾವು ಅಂಗಡಿಯಲ್ಲಿ ಕುರ್ಚಿ ಹಾಕಿ ಕೂತಿದ್ದೆವು, ಅವರು ಅವರ ಊರಲ್ಲೇ ಹೊರಗೆ ನಿಂತಿದ್ದರು. ಆ ಕುರ್ಚಿ ಇಟ್ಟದ್ದು ಇಂಗ್ಲಿಷರು. ಅವರೆಂತ, ಎದ್ದು ಹೋದರು. ನಾವು ಕೂತೇ ಇದ್ದೆವು." 

ಆಮೇಲೆ ಅಧಿಕಾರ ಹಿಡಿದ ಸೇನಾಧಿಕಾರಿ ಏಷ್ಯಾದವರೆಲ್ಲ ಮೂರು ತಿಂಗಳಲ್ಲಿ ದೇಶ ಬಿಡಬೇಕೆಂದ. ಗಂಡ ಕಚೇರಿಗೆ ಕಾಗದ ತೆಗೆದುಕೊಂಡು ಹೋದರೆ, ನಿನ್ನ ಪೌರತ್ವ ಸರಿಯಿಲ್ಲ ಎಂದು ಅದನ್ನೂ ರದ್ದು ಮಾಡಿದರು. ಯಾವ ದೇಶಕ್ಕೂ ಬೇಡವಾದ ಇಬ್ಬರು, ಉಮ್ಮನ ಹೊಟ್ಟೆಯಲ್ಲಿ ಆರು ತಿಂಗಳ ಕೂಸು. ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಮಿಲಿಟರಿಯವರು ಬಸ್ಸು ನಿಲ್ಲಿಸಿ ಕೆಲವು ಗಂಡಸರನ್ನು ಇಳಿಸಿಕೊಂಡರು. ಇಳಿಯುವಾಗ ಉಮ್ಮನ ಗಂಡ ಹೆಂಡತಿಯ ಕಡೆ ತಿರುಗಿ, ನೀನು ಹೋಗಿರು, ನಾನು ಹಿಂದಿನಿಂದ ಬರುವ ಬಸ್ಸಿಗೆ ಬರ್ತೇನೆ ಎಂದರಂತೆ. ಬಸ್ಸು ಹೊರಟಿತು. ಹಿಂದಿನಿಂದ ಬಂದ ಬಸ್ಸಿನಲ್ಲಿ ಅವರಿರಲಿಲ್ಲ, ಅದರ ಹಿಂದಿನದರಲ್ಲೂ ಇರಲಿಲ್ಲ. ವಿಮಾನ ಉಮ್ಮನನ್ನು ಯುರೋಪಿನ ಒಂದು ಶಿಬಿರಕ್ಕೆ ಹಾಕಿತು, ಅಲ್ಲಿಂದ ಸ್ವೀಡನ್ ಕರೆದುಕೊಂಡಿತು. ಮಗಳು ಹುಟ್ಟಿದ್ದು ಇಲ್ಲಿ.

ಊರಿಗೆ ಯಾಕೆ ಹೋಗಲಿಲ್ಲ ಉಮ್ಮ, ತವರಿನವರು ನೋಡಿಕೊಳ್ಳುತ್ತಿದ್ದರಲ್ಲ ಎಂದು ಕೇಳಿದ್ದೆ. ಹೋಗಿದ್ದರೆ ಹೆರಿಗೆಯಾದ ಕೂಡಲೇ ನನ್ನನ್ನು ವಿಧವೆ ಅಂತ ಮಾಡಿ ಇನ್ನೊಬ್ಬನಿಗೆ ಕಟ್ಟುತ್ತಿದ್ದರು ಎಂದರು. ಇಲ್ಲಿ ಹಾಗೆ ಒತ್ತಾಯಿಸುವವರು ಯಾರೂ ಇರಲಿಲ್ಲ. ಹಾಗಾಗಿ ಐವತ್ತು ವರ್ಷ ಅವರು ಸುಮಂಗಲಿಯಾಗಿಯೇ ಉಳಿದರು. ಕೈತುಂಬ ಬಳೆ, ಕಣ್ಣಿಗೆ ಸುರ್ಮಾ. ಲುಂಡ್‌ನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವ ಮಗಳು ಬಂದಾಗಲೆಲ್ಲ ಆ ಫೋನಿನ ವಿಷಯಕ್ಕೆ ಜಗಳ ತೆಗೆಯುತ್ತಿದ್ದಳು. ಅಪ್ಪ ಸತ್ತು ಎಷ್ಟೋ ಕಾಲವಾಗಿದೆ, ಒಪ್ಪಿಕೋ ಎಂದು ಸ್ವೀಡಿಷ್‌ನಲ್ಲಿ ಕೂಗಾಡುತ್ತಿದ್ದಳು. ಉಮ್ಮ ಬಳೆ ಸರಿಮಾಡಿಕೊಂಡು, ಅನ್ನಕ್ಕಿಡಲಾ ಎಂದು ಕೇಳುತ್ತಿದ್ದರು.

ಹೀಗಿರುವಾಗ ಫೋನ್ ಕಂಪನಿಯವರು ಹಳೆಯ ತಂತಿಯ ಲೈನುಗಳನ್ನೆಲ್ಲ ಮುಚ್ಚುತ್ತೇವೆ ಎಂದು ತಿಳಿಸಿದರು. ನಾನು ಧೈರ್ಯ ಹೇಳಿದೆ. ಒಂದು ಸಣ್ಣ ಪೆಟ್ಟಿಗೆ ಇಟ್ಟರೆ ಅದೇ ನಂಬರು ಅದರಲ್ಲಿ ಬರುತ್ತದೆ, ಫೋನೂ ಇದೇ ಇರಲಿ, ನಾನೇ ಜೋಡಿಸಿಕೊಡುತ್ತೇನೆ ಎಂದೆ. ಪೆಟ್ಟಿಗೆಯನ್ನು ತಂದೂಬಿಟ್ಟೆ. ಉಮ್ಮ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಆಮೇಲೆ ನನಗೇ ವಾಪಸು ಕೊಟ್ಟರು.

"ಬೇಡ ಮಗಾ. ಅವರಿಗೆ ಈಗಲೂ ಮೂವತ್ತೇ ವರ್ಷ. ಬಂದರೂ ನನ್ನನ್ನು ನೋಡಿ, ಇದು ಯಾರ ಅಜ್ಜಿ ಅಂತ ಕೇಳಿಯಾರು."

ಲೈನು ಸತ್ತ ದಿನ ಬೆಳಿಗ್ಗೆ ನಾನು ಮೇಲೆ ಹೋದಾಗ ಬಾಗಿಲು ತೆರೆದವರು ಬೇರೆಯೇ ಹೆಂಗಸು. ಬಿಳಿ ಸೀರೆ, ಬಿಳಿ ತಲೆವಸ್ತ್ರ, ಬರಿಗೈ. ಕಣ್ಣಿನಲ್ಲಿ ಸುರ್ಮಾ ಇರಲಿಲ್ಲ, ನಡುಮನೆಯ ಮೇಜಿನ ಮೇಲೆ ಫೋನೂ ಇರಲಿಲ್ಲ. ಇದ್ದತ್‌ಗೆ ಕೂತಿದ್ದೇನೆ ಎಂದರು. ಗಂಡ ತೀರಿಕೊಂಡರೆ ನಮ್ಮಲ್ಲಿ ಹೆಂಡತಿ ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇದ್ದು ದುಃಖ ಆಚರಿಸುತ್ತಾಳೆ. ಒಡವೆಯಿಲ್ಲ, ಸುಗಂಧವಿಲ್ಲ, ಪರಗಂಡಸರ ಎದುರು ಬರುವುದಿಲ್ಲ. ಅದಕ್ಕೇ ಇದ್ದತ್ ಎನ್ನುವುದು. ನಾನು ಹೊಸ್ತಿಲಲ್ಲೇ ಅತ್ತುಬಿಟ್ಟೆ. ಉಮ್ಮ ಅಳಲಿಲ್ಲ.

ಧರ್ಮದ ವಿಷಯ ಸರಿಯಾಗಿ ಕೇಳಿಬಿಡೋಣ ಎಂದು ನಮ್ಮ ಪರಿಚಯದ ಮೌಲವಿಯೊಬ್ಬರಿಗೆ ಫೋನ್ ಮಾಡಿದೆ. ಒಳ್ಳೆಯ ಮನುಷ್ಯ, ಸಮಾಧಾನವಾಗಿ ವಿವರಿಸಿದರು. ಇದ್ದತ್ ಎಣಿಸುವುದು ಸಾವಾದ ದಿನದಿಂದ, ಆ ಕಾಲ ಎಂದೋ ಕಳೆದುಹೋಗಿದೆ, ಈ ವಯಸ್ಸಿನಲ್ಲಿ ಅವರು ಕಷ್ಟಪಡಬೇಕಿಲ್ಲ ಎಂದರು. ನಾನು ಅದನ್ನೇ ಉಮ್ಮನಿಗೆ ಒಪ್ಪಿಸಿದೆ. ಅವರು ಕೇಳಿಸಿಕೊಂಡು ನಿಧಾನವಾಗಿ ಹೇಳಿದರು: "ಅವರು ತೀರಿಕೊಂಡ ದಿನ ಯಾವುದು ಅಂತ ನನಗೆ ಯಾರೂ ಹೇಳಲಿಲ್ಲ. ಹಾಗಾಗಿ ನಾನೇ ಒಂದು ದಿನ ಇಟ್ಟುಕೊಂಡೆ. ತಪ್ಪಾದರೆ ಅಲ್ಲಾಹು ಕೇಳಲಿ, ನಾನು ಜವಾಬು ಕೊಡ್ತೇನೆ."

ಆಮೇಲೆ ನಾನು ವಾದ ಮಾಡಲಿಲ್ಲ. ಕಮ್ಯೂನ್‌ನಿಂದ, ಅಂದರೆ ಇಲ್ಲಿನ ನಗರಸಭೆಯಿಂದ, ವಾರಕ್ಕೆರಡು ಸಲ ಸಹಾಯಕ್ಕೆ ಬರುತ್ತಿದ್ದವರಲ್ಲಿ ಒಬ್ಬ ಹುಡುಗನೂ ಇದ್ದ. ಹೆಂಗಸರನ್ನೇ ಕಳಿಸಿ ಎಂದು ಅವರ ಕಚೇರಿಗೆ ಫೋನ್ ಮಾಡಿದೆ. ಯಾಕೆ ಎಂದರು. ಗಂಡ ತೀರಿಕೊಂಡಿದ್ದಾರೆ ಎಂದೆ. ಆ ಕಡೆಯಾಕೆ ಮರುಕಪಟ್ಟು, ಯಾವಾಗ ಎಂದು ಕೇಳಿದಳು.  ಕೊನೆಗೆ, ಹೋದ ವಾರ ಎಂದೆ. ಅದು ಸುಳ್ಳು ಅನ್ನಿಸಲೇ ಇಲ್ಲ.

ಕಷ್ಟವಾದದ್ದು ಉಮ್ಮನ ಮಗಳದು. ಸುದ್ದಿ ಕೇಳಿ ಲುಂಡ್‌ನಿಂದ ರೈಲು ಹತ್ತಿ ಬಂದಳು. ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ, ಇಷ್ಟು ವರ್ಷ ಬೇಡಿದ್ದು ಇದನ್ನೇ ತಾನೇ? ಅವಳು ನಡುಮನೆಯಲ್ಲಿ ಖಾಲಿ ಮೇಜು ನೋಡಿದಳು, ಬಿಳಿ ಬಟ್ಟೆಯ ತಾಯಿಯನ್ನು ನೋಡಿದಳು. ಕೋಟು ಕೂಡ ಬಿಚ್ಚದೆ ಗೋಡೆಗೊರಗಿ ಕೂತಳು. ಅಮ್ಮ, ನನ್ನನ್ನು ಒಂದು ಮಾತು ಕೇಳದೆ ನೀನು ಅಪ್ಪನನ್ನು ಸಾಯಿಸಿಬಿಟ್ಟೆ ಎಂದು ಬಿಕ್ಕಳಿಸಿದಳು. ಐವತ್ತು ತುಂಬಿದ ಹೆಂಗಸು, ತಲೆಯಲ್ಲಿ ಅರ್ಧ ಬಿಳಿಗೂದಲು, ತಂದೆಯ ಮುಖವನ್ನೇ ನೋಡದವಳು... ಅವಳು ಕೂಗಾಡುತ್ತಿದ್ದುದು ಅಮ್ಮ ಕಾಯುತ್ತಾಳೆಂಬ ಧೈರ್ಯದ ಮೇಲೆ ಎಂದು ಆವತ್ತು ನನಗೆ ಅರ್ಥವಾಯಿತು. ತಾಯಿಯೊಂದಿಗೆ ಮಾತು ಬಿಟ್ಟು ಅದೇ ರಾತ್ರಿ ಹೊರಟುಹೋದಳು.

ಚಳಿ ಬಂತು. ಮಧ್ಯಾಹ್ನ ಮೂರಕ್ಕೇ ಕತ್ತಲೆ. ಉಮ್ಮ ದಿನಗಳನ್ನು ಎಣಿಸುತ್ತಾ, ಜಪಮಣಿ ತಿರುಗಿಸುತ್ತಾ ಕೂತಿರುತ್ತಿದ್ದರು. ಮೀನು ಹುರಿಯುವುದು, ನನ್ನ ಕನ್ನಡ ತಿದ್ದುವುದು ಎಲ್ಲ ನಿಂತಿತು. ಜನವರಿಯಲ್ಲಿ ಕೆಮ್ಮು ಶುರುವಾಯಿತು. ಡಾಕ್ಟರ ಹತ್ತಿರ ಹೋಗಬಹುದು ಉಮ್ಮ, ಕಾಯಿಲೆಗೆ ಇದ್ದತ್‌ನಲ್ಲೂ ಅವಕಾಶ ಇದೆ ಎಂದು ಕೈ ಮುಗಿದು ಕೇಳಿದೆ. ಇಷ್ಟು ವರ್ಷ ನನಗೆ ಬೇಕಾದ ಅವಕಾಶ ನಾನೇ ತಗೊಂಡೆ, ಇನ್ನು ಸಾಕು ಎಂದರು. ಉಸಿರಾಟ ಕೆಟ್ಟಾಗ ನಾನೇ ಮಗಳಿಗೆ ಫೋನ್ ಮಾಡಿದೆ. ಅವಳು ಬಂದ ಸಂಜೆಯೇ ಆಂಬುಲೆನ್ಸ್ ಕರೆಸಬೇಕಾಯಿತು. ಸ್ಟ್ರೆಚರಿನ ಮೇಲೆ ಉಮ್ಮ ನನ್ನ ಕೈ ಬಿಡಲಿಲ್ಲ.

"ಇದು ಮುಗಿಸದೆ ನಾನು ಹೋದರೆ ಅವರು ಪುನಃ ಕಾಣೆಯಾಗ್ತಾರೆ, ಮಗಾ."

ಅಮ್ಮ ಏನಂದಳು ಎಂದು ಕನ್ನಡ ತಿಳಿಯದ ಮಗಳು ಕೇಳಿದಳು. ನಾನು ಸ್ವೀಡಿಷ್‌ನಲ್ಲಿ ಹೇಳಿದೆ. ಅವಳು ತಾಯಿಯ ಜೊತೆ ಆಂಬುಲೆನ್ಸ್ ಹತ್ತಿದಳು.

ಉಮ್ಮ ಆಸ್ಪತ್ರೆಯಿಂದ ವಾಪಸು ಬರಲಿಲ್ಲ. ಮೈಯ್ಯತ್ತಿಗೆ, ಅಂದರೆ ಮೃತದೇಹಕ್ಕೆ, ಸ್ನಾನ ಮಾಡಿಸಿದ ಹೆಂಗಸರಲ್ಲಿ ನಾನೂ ಒಬ್ಬಳು. ಬಳೆಯಿಲ್ಲದ ಆ ಕೈಗೆ ನೀರು ಹಾಕಿದೆ. ಹೆಪ್ಪುಗಟ್ಟಿದ ನೆಲವನ್ನು ಯಂತ್ರದಿಂದ ಅಗೆದು ಮಣ್ಣು ಮಾಡಿದರು. ದಫನಾದ ಸಂಜೆ ಮಗಳು ನನ್ನನ್ನು ಕೇಳಿದ್ದು ಒಂದೇ ಮಾತು, ಇನ್ನು ಎಷ್ಟು ದಿನ ಉಳಿದಿತ್ತು? ಮೂರು ವಾರ ಎಂದೆ. ನಾನು ಕೂರುತ್ತೇನೆ ಎಂದಳು. ಹಾಗೆಲ್ಲ ಬರುವುದಿಲ್ಲ, ಇದ್ದತ್ ಹೆಂಡತಿಗೆ ಮಾತ್ರ, ಮಕ್ಕಳಿಗೆ ಮೂರು ದಿನದ ದುಃಖ ಅಷ್ಟೇ, ಒಬ್ಬರದನ್ನು ಇನ್ನೊಬ್ಬರು ಮುಗಿಸಿಕೊಡುವ ಕ್ರಮವೇ ಇಲ್ಲ ಎಂದು ತಿಳಿದಷ್ಟು ಹೇಳಿದೆ. ಗೊತ್ತು ಎಂದಳು.

ಹುಟ್ಟಿದಾಗಿನಿಂದ ಒಂದು ನಮಾಜನ್ನೂ ಸರಿಯಾಗಿ ಕಲಿಯದವಳು. ಕೆಲಸಕ್ಕೆ ರಜೆ ಹಾಕಿ, ಆ ಮನೆಯ ಬಾಗಿಲು ಹಾಕಿಕೊಂಡು ಕೂತಳು. ತಿಂಗಳ ಕೊನೆಗೆ ಮನೆ ಖಾಲಿ ಮಾಡಿ ಬೀಗದಕೈ ಒಪ್ಪಿಸಬೇಕಿತ್ತು, ಒಂದು ಸಾಮಾನನ್ನೂ ಕಟ್ಟಲಿಲ್ಲ. ಬಿಳಿ ಸೀರೆ ಉಡಲು ಅವಳಿಗೆ ಬರುತ್ತಿರಲಿಲ್ಲ, ಒಂದೇ ಬೂದು ಸ್ವೆಟರಿನಲ್ಲಿ ಇದ್ದುಬಿಟ್ಟಳು. ಕಸ ಹಾಕಲೂ ಕೆಳಗಿಳಿಯಲಿಲ್ಲ, ಅದನ್ನು ನಾನೇ ಒಯ್ಯುತ್ತಿದ್ದೆ. ಸಂಜೆ ನಾನು ಊಟ ತೆಗೆದುಕೊಂಡು ಹೋದರೆ ಇಬ್ಬರೂ ಆ ಖಾಲಿ ಮೇಜಿನ ಪಕ್ಕ ಕೂತು ಉಣ್ಣುತ್ತಿದ್ದೆವು. ನನಗೆ ಇದು ತಲೆಕೆಟ್ಟ ಕೆಲಸ ಅನ್ನಿಸುತ್ತಿತ್ತು, ಆದರೂ ಒಂದು ದಿನವೂ ನಿಲ್ಲಿಸು ಎನ್ನಲು ಬಾಯಿ ಬರಲಿಲ್ಲ.

ಕೊನೆಯ ದಿನ ದಾಟಿದ ಮರು ಬೆಳಿಗ್ಗೆ ಅವಳನ್ನು ಹೊರಗೆ ಕರೆದುಕೊಂಡು ಬರಲು ನಾನೇ ಹೋದೆ. ಕೈ ಹಿಡಿದು ಮೂರು ಮಹಡಿ ಇಳಿಸಿದೆ. ಕೆಳಗಿನ ಬಾಗಿಲು ತೆಗೆದಾಗ ಹಿಮದ ಬೆಳಕಿಗೆ ಅವಳ ಕಣ್ಣು ಕುಕ್ಕಿತು. ಹೊರಗೆ ಕಾಲಿಡದೆ ಅಲ್ಲೇ ನಿಂತಳು.

"ಅಪ್ಪನದು ಆಯಿತು," ಎಂದಳು, ಸ್ವೀಡಿಷ್‌ನಲ್ಲಿ. "ಅಮ್ಮನ ಕೆಲಸವೂ ಮುಗಿಯಿತು. ನನ್ನ ಅಮ್ಮನಿಗೆ ನಾನು ಅಳುವುದು ಯಾವಾಗ ಶುರುಮಾಡಲಿ?"

ಮೂರು ದಿನ ಎಂಬ ನನ್ನ ಲೆಕ್ಕ ನಾಲಿಗೆಯ ತುದಿಗೆ ಬಂದು ನಿಂತಿತು. ಹೇಳಲಿಲ್ಲ.

ಈಗ ಮೇಲಿನ ಮನೆಯಲ್ಲಿ ಬೆಂಗಳೂರಿನ ಹೊಸ ಜೋಡಿಯಿದೆ, ಒಳ್ಳೆಯ ಮಕ್ಕಳು, ಸಿಕ್ಕಾಗ ಇಂಗ್ಲಿಷ್ ಬೆರೆಸಿದ ಕನ್ನಡದಲ್ಲಿ ಮಾತಾಡಿಸುತ್ತಾರೆ. ನನ್ನ ಮಾತನ್ನು ಯಾರೂ ತಿದ್ದುವುದಿಲ್ಲ. ಉಮ್ಮ ಇಲ್ಲ ಎಂದು ಇವತ್ತಿಗೂ ಸಂಜೆಯ ಹೊತ್ತಿಗೆ ನನಗೆ ಸಂಕಟವಾಗುತ್ತದೆ. ಅವರ ಮಗಳು ಲುಂಡ್‌ನಿಂದ ಆಗಾಗ ಫೋನ್ ಮಾಡುತ್ತಾಳೆ. ಹವಾಮಾನ, ಕೆಲಸ, ನನ್ನ ಪುಟ್ಟಿಯ ಶಾಲೆ ಎಲ್ಲ ಮಾತಾಡುತ್ತೇವೆ. ಅವಳು ಅತ್ತಳೋ ಇಲ್ಲವೋ ಎಂದು ಕೇಳುವ ಧೈರ್ಯ ಮಾತ್ರ ನನಗೆ ಇನ್ನೂ ಬಂದಿಲ್ಲ.