ಹಿಂದಿನ ಕೋಣೆಯ ಬಿಸಿ

ಹಲ್ಲಿನ ಸೆಟ್ಟು ಮಾಡುವುದು ಅವಳ ಕಸುಬು. ಡಾಕ್ಟರು ಕಳಿಸಿದ ಅಚ್ಚಿನ ಮೇಲೆ ಮೇಣ ಹಾಸಿ, ಒಂದೊಂದೇ ಹಲ್ಲು ಕೂರಿಸಿ, ಬೊಚ್ಚುಬಾಯಿಗಳಿಗೆ ನಗು ಕೊಡುವವಳು. "ಈ ಊರಲ್ಲಿ ಅರ್ಧ ಜನ ನಾನು ಮಾಡಿಕೊಟ್ಟ ಹಲ್ಲಲ್ಲೇ ನನ್ನನ್ನ ಬೈಯೋದು" ಎಂದು ತಾನೇ ನಗುತ್ತಿದ್ದಳು. ದೆವ್ವ ಭೂತ ಎಂದರೆ ಮೂಗು ಮುರಿಯುವ ಹೆಂಗಸು. ಅಂಥವಳು ಈ ಮನೆಗೆ ಬಂದ ಮೊದಲ ಚಳಿಗಾಲದಲ್ಲೇ ಹಿಂದಿನ ಕೋಣೆಗೆ ಬೆನ್ನು ಹಾಕಿ ಕೂರಲು ಹೆದರತೊಡಗಿದಳು.

ಮೊದಲಿನ ಯಜಮಾನ ಮನೆ ಮಾರುವಾಗಲೇ ಮಾಡಿನ ಮೇಲೆ ಸೋಲಾರ್, ಮೆಟ್ಟಿಲ ಕೆಳಗೆ ಬ್ಯಾಟರಿ, ಹಿತ್ತಲ ಗೋಡೆಗೆ ಹೊರಗಾಳಿಯ ಶಾಖ ಹೀರಿ ಕೋಣೆಗಳಿಗೆ ಬಿಡುವ ಹೀಟ್ ಪಂಪು, ಎಲ್ಲ ಇದ್ದವು. ಬಸ್ ಓಡಿಸುವ ಅವಳ ಗಂಡ ಹಿಗ್ಗಿಹೋಗಿದ್ದ. ಹಗಲಿನ ಬಿಸಿಲು ಮನೆ ನಡೆಸಬೇಕು, ಮಿಕ್ಕಿದ್ದು ಬ್ಯಾಟರಿ ತುಂಬಬೇಕು, ಕರೆಂಟಿನ ದರ ಏರುವ ಸಂಜೆಯನ್ನು ಬ್ಯಾಟರಿ ದಾಟಿಸಬೇಕು. ಅವನ ಲೆಕ್ಕ ಅಷ್ಟೇ. ಆದರೆ ಚಳಿಗಾಲದ ಬಿಸಿಲು ನೀರು ಬೆರೆಸಿದ ಹಾಲಿನಂತೆ ತೆಳ್ಳಗೆ. ಅಳೆದು ಸುರಿಯದಿದ್ದರೆ ಯಾವುದಕ್ಕೂ ಸಾಲದು.

ಸಾಲಲೇ ಇಲ್ಲ. ಬ್ಯಾಟರಿ ದಿನವೂ ಅರ್ಧಕ್ಕೇ ನಿಂತು, ಅಡುಗೆ ಮುಗಿಯುವಷ್ಟರಲ್ಲಿ ಬರಿದಾಗುತ್ತಿತ್ತು.

"ಬಿಲ್ಲು ನೋಡಿದ್ಯೇನೇ? ಮೇಲಿರೋದು ಸೋಲಾರೋ, ಬರೀ ಶೋಕಿಯೋ?" ಎಂದು ಗಂಡ ರೇಗಿದ.

ಒಂದು ಮಧ್ಯಾಹ್ನ ಪ್ಲಾಸ್ಟರಿನ ಚೀಲ ತರಲು ಅವಳು ಹಿಂದಿನ ಕೋಣೆಯ ಬಾಗಿಲು ತೆರೆದಳು. ಹಳೆ ಡಬ್ಬಗಳನ್ನು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಬಿಸಿ ಗಾಳಿ ಮುಖಕ್ಕೆ ತಾಗಿತು. ಮಂಚದ ಕಾಲು ಊರಿದ್ದ ಗುರುತುಗಳು ನೆಲದ ಮೇಲೆ ಹಾಗೇ ಇದ್ದವು. ಅವುಗಳ ನಡುವೆ, ಯಾರೋ ಈಗಷ್ಟೇ ಎದ್ದು ಹೋದ ಹಾಸಿಗೆಯ ಬಿಸುಪು. ಚೀಲ ಮರೆತು ಹೊರಗೆ ಬಂದಳು.

ಆಮೇಲೆ ಧೈರ್ಯ ತಂದುಕೊಂಡು ಹೋಗಿ ಆ ಕೋಣೆಯ ಬಿಸಿ ಆರಿಸಿದಳು. ಮರುದಿನ ಮಧ್ಯಾಹ್ನ ಮತ್ತೆ ಬೆಚ್ಚಗೆ. "ನೀನೇ ಮರ್ತಿರ್ತೀಯ ಬಿಡು" ಎಂದ ಗಂಡ, ರಜೆಯ ದಿನ ತಾನೇ ಹೋಗಿ ಆರಿಸಿ ಬಂದು ಚಹಾಕ್ಕೆ ಕೂತ. ಇಬ್ಬರೂ ಕೂತಿರುವಾಗಲೇ ಹಿತ್ತಲಲ್ಲಿ ಪಂಪು ಗುರ್ ಎಂದಿತು. ಗಂಡನ ಲೋಟ ಬಾಯಿಯ ಹತ್ತಿರವೇ ನಿಂತಿತು.

"ರೀ, ನನ್ನ ಕೈಲಿ ಆಗಲ್ಲ. ಯಾರನ್ನಾದ್ರೂ ಕರೆಸಿ" ಎಂದಳು.

ರಿಪೇರಿಯವನು ಬಂದು ಎಲ್ಲ ತಡಕಾಡಿ ನೋಡಿದ. "ಯಂತ್ರದ್ದೇನೂ ತಪ್ಪಿಲ್ಲಮ್ಮ. ಯಾರೋ ಫೋನಿಂದ ಹಾಕ್ತಿದಾರೆ. ಮನೆ ನಿಮ್ಮ ಹೆಸರಿಗೆ ಬಂತು, ಈ ಪಂಪು ಮಾತ್ರ ಇನ್ನೂ ಹಳೇ ಯಜಮಾನರ ಫೋನಲ್ಲೇ ಇದೆ."

"ನಮ್ಮ ಬಿಸಿಲು ಖರ್ಚು ಮಾಡೋಕೆ ಅವನ್ಯಾರು?" ಎಂದು ಗಂಡ ಕೆಂಡವಾದ. ಅವನ ಬಾಯಿಗೆ ಹೆದರಿ ಅವಳೇ ಹಳೇ ಯಜಮಾನನಿಗೆ ಫೋನು ಮಾಡಿದಳು.

ನಡೆದದ್ದನ್ನೆಲ್ಲ ಹೇಳಿದಳು.

"ತಪ್ಪಾಯ್ತಮ್ಮ" ಎಂದ. "ನಮ್ಮಮ್ಮ ಹಾಸಿಗೆ ಹಿಡಿದಿದ್ದು ಆ ಕೋಣೇಲೇ. ಮಧ್ಯಾಹ್ನ ಆದ್ರೆ ಸಾಕು, ಚಳಿ ಚಳಿ ಅನ್ನೋರು. ನಾನು ಕೆಲಸದ ಜಾಗದಿಂದಾನೇ ಫೋನಲ್ಲಿ ಒತ್ತಿಬಿಡ್ತಿದ್ದೆ. ಈಗ ಅಮ್ಮ ಇಲ್ಲ, ಮನೇನೂ ನಮ್ಮದಲ್ಲ. ಆದ್ರೂ ಆ ಹೊತ್ತಾದ್ರೆ ಕೈ ತಾನಾಗೇ ಹೋಗತ್ತೆ. ಸ್ವಲ್ಪ ಹೊತ್ತಾದ ಮೇಲೆ ಕೋಣೆ ಬೆಚ್ಚಗಾಗಿದೆ ಅಂತ ತೋರಿಸತ್ತೆ. ಅದನ್ನ ನೋಡಿದ್ರೆ..."

"ಇಲ್ಲಿ ನಾವಿದ್ದೀವಿ ಅಂತ ಅನಿಸ್ಲೇ ಇಲ್ವಾ ಅಣ್ಣಾ?"

"ಅಮ್ಮ ಇದಾರೆ ಅಂತಾನೇ ಅನಿಸ್ತಿತ್ತಮ್ಮ."

ಅಂದೇ ಅವನು ತನ್ನ ಹೆಸರು ತೆಗೆಸಿ ಎಲ್ಲವನ್ನೂ ಇವರಿಗೆ ಬಿಟ್ಟುಕೊಟ್ಟ. ಬ್ಯಾಟರಿ ತುಂಬತೊಡಗಿತು. ಸಂಜೆಗಳು ಹೊರಗಿನ ಕರೆಂಟಿಲ್ಲದೆ ಸಾಗಿದವು. ಗಂಡ ಸಿಳ್ಳೆ ಹಾಕುತ್ತ ಮನೆಗೆ ಬರುವಂತಾದ.

ಅವಳಿಗೆ ಮಾತ್ರ ನೆಮ್ಮದಿ ಸಿಗಲಿಲ್ಲ. ಮಧ್ಯಾಹ್ನವಾದರೆ ಹಲ್ಲು ಹಿಡಿದ ಕೈ ಮೇಣದ ಮೇಲೆ ತಡೆದು ನಿಲ್ಲುವುದು, ಕಿವಿ ಹಿತ್ತಲ ಕಡೆ ಹೋಗುವುದು. ಪಂಪು ಸದ್ದು ಮಾಡುತ್ತಿದ್ದಾಗ ಹೆದರಿದ್ದಕ್ಕಿಂತ ಈ ನಿಶ್ಶಬ್ದಕ್ಕೆ ಹೆಚ್ಚು ಹೆದರಿದಳು. ಈಗ ಅವಳ ಫೋನಿಗೆ ಬಂದಿದ್ದ ಪಂಪಿನ ಪಟ್ಟಿಯಲ್ಲಿ ಆ ಕೋಣೆಗೆ ಅವನಿಟ್ಟ ಹೆಸರು 'ಅಮ್ಮ' ಎಂದೇ ಇತ್ತು. ಅದರ ಕೆಳಗೆ ಕೋಣೆಯ ಶಾಖ ತೋರಿಸುವ ಅಂಕಿ ದಿನದಿನಕ್ಕೆ ಇಳಿಯುವುದನ್ನು ನೋಡಲಾಗದೆ ಫೋನು ಬೋರಲು ಹಾಕಿಡುತ್ತಿದ್ದಳು. ಆ ಹೆಸರು ಅಳಿಸಲು ಕೈ ಬರಲಿಲ್ಲ.

ಒಂದು ದಿನ ಅದೇ ಹೊತ್ತಿಗೆ ಅವನ ಫೋನು ಬಂತು.

"ಸುಮ್ಮನೆ ಮಾಡಿದೆ ಅಷ್ಟೇ. ಅಲ್ಲಿ ಚಳಿ ಹೇಗಿದೆಯಮ್ಮ?"

"ಇದೆ ಅಣ್ಣಾ."

ಅವನು ಫೋನು ಇಡಲಿಲ್ಲ. ಉಸಿರು ಕೇಳುತ್ತಿತ್ತು.

"ಕೋಣೆ ಬೆಚ್ಚಗಿದೆ" ಎಂದುಬಿಟ್ಟಳು.

"ಹೌದಾ?" ಎಂದ. "ಸರಿ ಹಾಗಾದ್ರೆ" ಎಂದು ಇಟ್ಟ.

ಹೇಳಿದ ಸುಳ್ಳು ಅವಳನ್ನು ಕೂರಗೊಡಲಿಲ್ಲ. ಎದ್ದು ಹೋಗಿ ಹಿಂದಿನ ಕೋಣೆಯ ಬಿಸಿ ಹಾಕಿದಳು. ಗೋಡೆಗಳು ಬೆಚ್ಚಗಾಗುವವರೆಗೆ ಹೊಸಿಲಲ್ಲೇ ನಿಂತಿದ್ದಳು. ಒಳಗೆ ಕಾಲಿಡಲಿಲ್ಲ.

ಅಂದು ಬ್ಯಾಟರಿ ಬೇಗ ಬರಿದಾಯಿತು.

"ಇದೇನೇ, ಮತ್ತೆ ಶುರುವಾಯ್ತಾ?" ಎಂದ ಗಂಡ.

"ಇವತ್ತು ಮೋಡ ಇತ್ತಲ್ಲ" ಎಂದಳು.

ಬೆಳಗಿನಿಂದ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಬಸ್ ಓಡಿಸಿ ಬಂದವನು ಅವಳ ಮುಖವನ್ನೊಮ್ಮೆ ನೋಡಿದ. ಏನೂ ಕೇಳದೆ ಸ್ವೆಟರ್ ಹಾಕಿಕೊಂಡು ಊಟಕ್ಕೆ ಕೂತ.